ಗಾಳಿಯಲ್ಲಿ ತಿರುಗುವ ಗಾಲಿ

ಮಗಳು ಸೈಕಲ್ಲಿನ ಮುಂಭಾಗ ಎತ್ತಿ ಹಿಡಿದು ಗಾಲಿಗೊಂದು ಏಟು ಕೊಟ್ಟಳು. ಗಾಲಿ ಒಂದಿಷ್ಟು ಸುತ್ತು ಹೊಡೆದು, ಉಂಡು ಮಲಗಲು ಹೊರಟವನ ಹಾಗೆ ನಿಧಾನಿಸಿ, ನಿಂತೇಬಿಟ್ಟಿತು. ಪಕ್ಕದಲ್ಲಿ ಇನ್ನೊಬ್ಬ ಹುಡುಗಿಯೂ ಅದೇ ಹೊತ್ತಿಗೆ ತನ್ನ ಗಾಲಿ ತಿರುಗಿಸಿದ್ದಳು. ಅದು ಇನ್ನೂ ಸದ್ದಿಲ್ಲದೆ ತಿರುಗುತ್ತಲೇ ಇತ್ತು. ನಿಲ್ಲುವ ಯೋಚನೆಯೇ ಇಲ್ಲದ ಹಾಗೆ.

"ಏನ್ ಭಾವ, ಗಾಲಿ ಮಾಡಿದ್ದೀರೋ, ಬೀಸೋ ಕಲ್ಲು ಮಾಡಿದ್ದೀರೋ?" ಎಂದ ಸೋದರಮಾವ. ಅವಳಿಗೆ ರೇಸು ಕಲಿಸಿದವನು ಅವನೇ. ಇವತ್ತಿನ ರೇಸಿನಲ್ಲಿ ಮೊದಲು ಬರುವ ಮೂವರಿಗೆ ಜಿಲ್ಲೆಯ ತಂಡದಲ್ಲಿ ಜಾಗ. ಮುಂದಿನ ವರ್ಷಕ್ಕೆ ಅವಳ ವಯಸ್ಸು ಮೀರುತ್ತದೆ. ಆಚೆ ರೇಸು ಶುರುವಾಗುವ ಗೆರೆಯ ಹತ್ತಿರ ಧ್ವನಿವರ್ಧಕ ಹುಡುಗಿಯರನ್ನು ಕರೆಯಲು ಶುರುಮಾಡಿತ್ತು.

ಅಪ್ಪ ಬಟ್ಟೆಯಲ್ಲಿ ಕೈ ಒರೆಸಿಕೊಂಡ. ಸೈಕಲ್ ರಿಪೇರಿ ಅಂಗಡಿಯವನ ಕೈ. ಎಷ್ಟು ಒರೆಸಿದರೂ ಉಗುರಿನ ಕಪ್ಪು ಹೋಗದು. "ಹೊಸ ಸೀಲು, ಹೊಸ ಗ್ರೀಸು. ಸ್ವಲ್ಪ ಬಿಗಿಯಾಗೇ ಇರುತ್ತೆ," ಎಂದ. ಗಾಲಿಯ ನಡುವಿನ ಬೇರಿಂಗಿಗೆ ಧೂಳು, ನೀರು ಹೋಗದಂತೆ ಮುಚ್ಚಳದ ಹಾಗೆ ಕೂರುವ ರಬ್ಬರಿನ ಬಳೆ ಆ ಸೀಲು.

"ಆ ಹುಡುಗಿಯರೆಲ್ಲ ಸೀಲು ಕಿತ್ತು ತೆಳ್ಳಗೆ ಎಣ್ಣೆ ಬಿಟ್ಕೊಂಡು ಬಂದಿದ್ದಾರೆ ಭಾವ. ನಾವೂ ಎಬ್ಬಿಸಿ ಬಿಸಾಕೋಣ. ಎರಡು ನಿಮಿಷದ ಕೆಲಸ."

"ದಾರೀಲಿ ಹೊಳೆ ದಾಟಬೇಕು. ಮರಳು ಒಳಗೆ ಹೊಕ್ಕರೆ ಅಕ್ಕಿಯಲ್ಲಿ ಕಲ್ಲು ಸಿಕ್ಕ ಹಾಗೆ. ಆಮೇಲೆ ಇಳಿಜಾರು ಬೇರೆ, ಅಲ್ಲಿ ಗಾಲಿ ಹಿಡ್ಕೊಂಡ್ರೆ ಬಿದ್ದ ಹಾಗೇ." ಅಪ್ಪ ಮಗಳ ಕಡೆ ತಿರುಗಿದ. "ಗಾಳಿಯಲ್ಲಿ ತಿರುಗೋ ಗಾಲಿ ನೋಡಿ ಹೆದರಬೇಡ ಮಗಳೇ. ಖಾಲಿ ಗಾಲಿಗೆ ಸೀಲು ತಡೆ. ಮೇಲೆ ನೀನು ಕೂತು ತುಳಿದರೆ, ನಿನ್ನ ಕಾಲಿನ ಮುಂದೆ ಅದು ಸೊಳ್ಳೆ."

ಮಗಳು ನಿಂತ ಗಾಲಿಯನ್ನೇ ನೋಡುತ್ತಿದ್ದಳು. ಹೋದ ವರ್ಷ ರೇಸಿನಲ್ಲಿ ಬಿದ್ದು ಹೆಗಲ ಮೂಳೆ ಮುರಿದುಕೊಂಡಾಗ, ಸೈಕಲ್ಲಿಗೆ ಅಂಟಿದ್ದ ರಕ್ತ ತೊಳೆದವನು ಅಪ್ಪ. ತೊಳೆದು, ಅಂಗಡಿಯ ಎಲ್ಲಕ್ಕಿಂತ ಮೇಲಿನ ಕೊಕ್ಕೆಗೆ ನೇತುಹಾಕಿದ್ದ. ಅವಳು ಎಷ್ಟು ಕೇಳಿದರೂ ಇಳಿಸಿಕೊಡಲಿಲ್ಲ. ಕೊನೆಗೆ ಏಣಿ ಹಾಕಿ ತಾನೇ ಇಳಿಸಿಕೊಂಡಿದ್ದಳು. ನಿನ್ನೆ ಸಂಜೆ ಅದೇ ಅಪ್ಪ ತಾನಾಗಿ ಗಾಲಿಗಳನ್ನು ಕೇಳಿ ತೆಗೆದುಕೊಂಡು, ಅಂಗಡಿಯ ಬಾಗಿಲು ಅರ್ಧ ಎಳೆದುಕೊಂಡು ಕೂತಿದ್ದ.

ಸೋದರಮಾವನಿಗೂ ಅದೇ ನೆನಪಾಯಿತೇನೋ. "ಬೇಲೀನೇ ಎದ್ದು ಹೊಲ ಮೇದ ಹಾಗಾಯ್ತಲ್ಲೇ," ಎಂದು ನಕ್ಕ. ಜೊತೆಗೆ ಯಾರೂ ನಗಲಿಲ್ಲ.

ಅಪ್ಪ ಜೇಬಿನಿಂದ ಒಂದು ಸಣ್ಣ ಮೊನೆಯ ಕಡ್ಡಿ ತೆಗೆದು ಅಂಗೈ ಮೇಲಿಟ್ಟು ಚಾಚಿದ. ಸೀಲು ಎಬ್ಬಿಸುವ ಕಡ್ಡಿ. "ಸೈಕಲ್ ನಿನ್ನದು. ತೆಗಿ ಅಂದ್ರೆ ಈಗಲೇ ತೆಗೀತೀನಿ."

"ಅಪ್ಪ." ಅವಳ ದನಿ ಸಣ್ಣದಾಗಿತ್ತು. "ನಾನು ಸೋಲಲಿ ಅಂತ ಮಾಡಿದ್ಯಾ?"

ಇಲ್ಲ ಎಂದಿದ್ದರೆ ಮುಗಿಯುತ್ತಿತ್ತು. ಅದು ಸುಳ್ಳೂ ಆಗುತ್ತಿರಲಿಲ್ಲ. ಆದರೆ ಸುಳ್ಳಲ್ಲದ ಮಾತೆಲ್ಲ ಪೂರ್ತಿ ನಿಜವಲ್ಲವೆಂದು, ದಿನವೂ ಸ್ಪ್ಯಾನರ್ ಮುಟ್ಟುವ ಮುನ್ನ ಒಂದು ಗಳಿಗೆ ಕಣ್ಣು ಮುಚ್ಚಿ ದೇವರನ್ನು ನೆನೆಯುವ ಆ ಮನುಷ್ಯನಿಗೆ ಗೊತ್ತಿತ್ತು. ಧ್ವನಿವರ್ಧಕ ಮತ್ತೊಮ್ಮೆ ಕೂಗಿತು. ಪಕ್ಕದ ಹುಡುಗಿ ಸೈಕಲ್ ತಳ್ಳಿಕೊಂಡು ಗೆರೆಯ ಕಡೆ ಹೊರಟಳು.

"ನಟ್ಟು ಅರ್ಧ ಸುತ್ತು ಹೆಚ್ಚಿಗೆ ತಿರುಗಿಸಿದ್ರೆ ಸಾಕಿತ್ತು," ಎಂದ ಅಪ್ಪ. "ಬೇರಿಂಗು ಬಿಗಿದು, ಹೊಳೆ ಮುಟ್ಟೋ ಹೊತ್ತಿಗೆ ನಿನ್ನ ಕಾಲು ಸೋತಿರೋದು. ಯಾರಿಗೂ ತಿಳೀತಿರಲಿಲ್ಲ. ನಿನ್ನೆ ಕೂತಾಗ ಅದು ಮನಸ್ಸಿಗೆ ಬಂತು ಮಗಳೇ." ತನ್ನ ಕೈ ನೋಡಿಕೊಂಡ. "ಕೈಗೆ ಬರಲಿಲ್ಲ."

"ಕೇಳಿದ್ಯೇನೇ?" ಸೋದರಮಾವ ಹಾರಿಬಿದ್ದ. "ಮನಸ್ಸಿಗೆ ಬಂತಂತೆ! ಬಿಚ್ಚೇ ಆ ಗಾಲೀನ, ನಡುವಿನ ಆಕ್ಸಲ್ ಬೆರಳಲ್ಲಿ ತಿರುಗಿಸಿದ್ರೆ ಬಿಗೀನೋ ಸಡಿಲಾನೋ ಗೊತ್ತಾಗುತ್ತೆ. ನಿನ್ನ ಇಡೀ ಜೀವನದ ಪ್ರಶ್ನೆ ಇದು!"

ಅಪ್ಪ ಬಿಚ್ಚಲಿ ಎಂಬಂತೆ ಒಂದು ಹೆಜ್ಜೆ ಹಿಂದೆ ಸರಿದು ನಿಂತ. ಚಾಚಿದ ಅಂಗೈ ಹಾಗೆಯೇ ಇತ್ತು. 

ಮಗಳು ಕಡ್ಡಿ ಎತ್ತಿಕೊಂಡಳು. ಗಾಲಿಯ ಮುಂದೆ ಮಂಡಿಯೂರಿದಳು. ಕಪ್ಪು ರಬ್ಬರಿನ ಬಳೆ ಕಣ್ಣಿಗೆ ಹತ್ತಿರವೇ ಇತ್ತು. ಮೊನೆ ಒಂದು ಕಡೆ ತಾಗಿಸಿದರೆ ಸಾಕು, ಎದ್ದುಬರುತ್ತದೆ. ಕೊನೆಯ ಕರೆ ಎಂದು ಧ್ವನಿವರ್ಧಕ ಹೇಳಿತು.

ಅವಳು ಎದ್ದಳು. ಕಡ್ಡಿಯನ್ನು ಸೋದರಮಾವನ ಅಂಗಿಯ ಜೇಬಿಗೆ ಹಾಕಿ, "ಇಟ್ಕೊಂಡಿರು ಮಾವ, ಹಲ್ಲಿಗೇನಾದ್ರೂ ಸಿಕ್ಕಿದ್ರೆ ಬೇಕಾಗುತ್ತೆ," ಎಂದಳು. ಹೆಲ್ಮೆಟ್ ತಲೆಗಿಟ್ಟುಕೊಂಡು ಅಪ್ಪನ ಮುಂದೆ ಬಂದು ಗದ್ದ ಎತ್ತಿ ನಿಂತಳು. ಪಟ್ಟಿ ತಾನೇ ಕಟ್ಟಿಕೊಳ್ಳಲು ಬರುತ್ತಿತ್ತು ಅವಳಿಗೆ. ಅಪ್ಪನ ಕಪ್ಪು ಬೆರಳುಗಳು ತಡವರಿಸುತ್ತ ಪಟ್ಟಿ ಸಿಕ್ಕಿಸಿದವು, ಎಳೆದು ನೋಡಿದವು, ಸಾಲದೆಂದು ಇನ್ನೊಮ್ಮೆ ಎಳೆದವು.

"ಸ್ವಲ್ಪ ಸಡಿಲ ಮಾಡಪ್ಪಾ," ಎಂದಳು ಮಗಳು. "ಉಸಿರಾಡಬೇಕು ನಾನು."