ಮೊದಲು ಎಣ್ಣೆ, ಆಮೇಲೆ ಬೆಲ್ಟು

"ಪವರ್ ಸ್ಟೇರಿಂಗು ಕೈ ಕೊಡ್ತು ಕಣೋ," ಎನ್ನುತ್ತ ದೊಡ್ಡ ಮೇಸ್ತ್ರಿ ಕಾರಿನಿಂದ ಇಳಿದರು. "ಬೆಳಿಗ್ಗೆ ಹಾಲು ತರೋಕೆ ಹೋದಾಗ ಬೆಣ್ಣೆ ಹಾಗಿತ್ತು. ಈಗ ಎರಡನೇ ಸಲ ತೆಗೀತೀನಿ, ಬಲಕ್ಕೆ ತಿರುಗಲ್ಲ ಅಂತ ಒಂದೇ ಹಟ. ಕಲ್ಲು, ಕಲ್ಲು!"

ಚಿಕ್ಕ ಮೇಸ್ತ್ರಿ ಸ್ಪ್ಯಾನರ್ ಕೆಳಗಿಟ್ಟು ಎದ್ದು ಬಂದ. ತಲೆ ಅರ್ಧ ನೆರೆತಿತ್ತು, ಸ್ವಂತ ಗ್ಯಾರೇಜಿಟ್ಟು ಎಷ್ಟೋ ವರ್ಷವಾಗಿತ್ತು. ಆದರೂ ಬೀದಿಗೆಲ್ಲ ಅವನಿನ್ನೂ ಚಿಕ್ಕ ಮೇಸ್ತ್ರಿಯೇ. ಕೆಲಸ ಕಲಿಸಿದ ಗುರು ಗಟ್ಟಿಮುಟ್ಟಾಗಿರುವಾಗ ಶಿಷ್ಯ ದೊಡ್ಡವನಾಗುವುದು ಹೇಗೆ? ಗುರುವಿನ ಕಾರೂ ಗುರುವಿನ ಹಾಗೇ, ಮುದಿಯಾದರೂ ಮೈಮೇಲೆ ಒಂದು ಗೀರಿಲ್ಲ ಎಂದು ಜನ ಹೇಳುತ್ತಿದ್ದರು. ಇವತ್ತು ನೋಡಿದರೆ ಎಡಬದಿಯ ಎರಡೂ ಬಾಗಿಲ ಮೇಲೆ ಗೇಟಿನ ಕಂಬ ಉಜ್ಜಿದ ಉದ್ದನೆಯ ಗೀರು.

"ಅಯ್ಯೋ, ಇದೇನು ಗುರುಗಳೇ?"

"ಸ್ಟೇರಿಂಗ್ ಮಾಡಿದ ಕೆಲಸ. ನನ್ನ ಮುಖ ಏನು ನೋಡ್ತೀಯ? ಬಾನೆಟ್ ಎತ್ತು."

ಮುಖ ನೋಡಿದ್ದು ನಿಜ. ಬಾಯಿಯ ಎಡ ತುದಿ ಯಾಕೋ ಜೋತುಬಿದ್ದ ಹಾಗೆ ಕಂಡಿತ್ತು. ಆದರೆ ಕೇಳಲು ಬಾಯಿ ಬರಲಿಲ್ಲ. ಗುರು ಹಾಕಿಕೊಟ್ಟ ಕ್ರಮವೊಂದಿತ್ತು: ಮೊದಲು ಎಣ್ಣೆ, ಆಮೇಲೆ ಬೆಲ್ಟು, ಆಮೇಲೆ ಪಂಪು, ಆಮೇಲೆ ಚಕ್ರದ ಗಾಳಿ. ಎಲ್ಲ ಸರಿಯಿದ್ದರೆ ಕಟ್ಟಕಡೆಗೆ ಓಡಿಸುವವನು. "ಗಾಡೀದು ತಪ್ಪಿಲ್ಲ ಅಂತ ಗೊತ್ತಾಗೋ ತನಕ ಓಡಿಸೋರ ಮೇಲೆ ತಪ್ಪು ಹೊರಿಸಬೇಡ. ನಮಗೆ ಅನ್ನ ಹಾಕೋರು ಅವರು," ಎಂದು ಕಲಿಸಿದ್ದರು. ಕಲಿಯುವ ಕಾಲದಲ್ಲಿ ಒಮ್ಮೆ ಎಣ್ಣೆ ನೋಡದೆ ಪಂಪಿಗೆ ಕೈ ಹಾಕಿದ್ದಕ್ಕೆ ಬೆರಳ ಗೆಣ್ಣಿನ ಮೇಲೆ ಬಿದ್ದ ಏಟು ಅವನಿಗಿನ್ನೂ ನೆನಪಿದೆ.

ಎಣ್ಣೆ ನೋಡಿದ. ಮಟ್ಟ ಸರಿಯಾಗಿತ್ತು, ಬಣ್ಣವೂ ತಿಳಿಯಾಗಿತ್ತು. ಬೆಲ್ಟು ಒತ್ತಿ ನೋಡಿದ, ಬಿಗಿಯಾಗಿಯೇ ಇತ್ತು. "ಬೆಲ್ಟೇ ಜಾರ್ತಿರೋದು, ಬದಲಾಯಿಸು," ಎಂದರು ಗುರು. ಮಾತು ಸ್ವಲ್ಪ ತೊದಲಿತು. ಬೇಕಿಲ್ಲ ಎಂದು ಕೈಗೆ ಗೊತ್ತಿದ್ದರೂ ಗುರುವಿನ ಮಾತು ಮೀರಲಾರದೆ ಹೊಸ ಬೆಲ್ಟು ತರಿಸಿ ಹಾಕಿದ. ಹಳೇ ಗಾಡಿಯ ಸಂದುಗಳಲ್ಲಿ ಕೈ ತೂರಿಸುವುದೆಂದರೆ ಸುಮ್ಮನೆಯೇ? ಮುಗಿಯುವಷ್ಟರಲ್ಲಿ ಬಿಸಿಲು ಒಳಗಿನ ಗೋಡೆ ಮುಟ್ಟಿತ್ತು. ಇಂಜಿನ್ ಚಾಲೂ ಮಾಡಿ ಪಂಪಿಗೆ ಕಿವಿ ಕೊಟ್ಟ, ಕುಂಯ್ ಎನ್ನಲಿಲ್ಲ. ಚಕ್ರಗಳಲ್ಲಿ ಗಾಳಿ ಸರಿಯಾಗಿತ್ತು. ಕೊನೆಗೆ ಸೀಟಿನಲ್ಲಿ ಕೂತು ಒಂದೇ ಬೆರಳಲ್ಲಿ ಸ್ಟೇರಿಂಗನ್ನು ಆ ತುದಿಯಿಂದ ಈ ತುದಿಗೆ ತಿರುಗಿಸಿದ. ಹೂವೆತ್ತಿದ ಹಾಗೆ ತಿರುಗಿತು.

"ಸರಿಯಾಗೇ ಇದೆಯಲ್ಲ ಗುರುಗಳೇ!"

"ಏನು ಮಣ್ಣು ಸರಿ? ಇಳಿ, ನಾನು ತೋರಿಸ್ತೀನಿ."

ಅಷ್ಟರಲ್ಲಿ ಚಿಕ್ಕ ಮೇಸ್ತ್ರಿಯ ಹೆಂಡತಿ ಟೀ ತಂದಳು. ದೊಡ್ಡ ಮೇಸ್ತ್ರಿ ಸೀಟಿನಲ್ಲಿ ಕೂತು ಬಲಗೈಯಲ್ಲಿ ಲೋಟ ಹಿಡಿದು ಒಂದು ಗುಟುಕು ಕುಡಿದರು. ಟೀ ಎಡ ಕಟವಾಯಿಯಿಂದ ಗದ್ದಕ್ಕೆ, ಗದ್ದದಿಂದ ಅಂಗಿಗೆ ಇಳಿಯಿತು. ಅವರು ಒರೆಸಿಕೊಳ್ಳಲೇ ಇಲ್ಲ.

"ರೀ, ಹಾಳಾಗಿ ಹೋಗಲಿ ಆ ಗಾಡಿ! ಗುರುಗಳ ಮುಖ ನೋಡ್ರೀ!" ಎಂದು ಅವಳು ಕೂಗಿದಳು.

ಚಿಕ್ಕ ಮೇಸ್ತ್ರಿ ಕಾರಿನ ಬಾಗಿಲಿಗೆ ಬಗ್ಗಿದ. "ಗುರುಗಳೇ, ಎರಡೂ ಕೈ ಸ್ವಲ್ಪ ಮೇಲೆತ್ತಿ."

"ಯಾಕೋ, ಪೊಲೀಸ್ ಕೆಲಸಕ್ಕೆ ಸೇರಿದ್ಯಾ?" ಎಂದು ಗೊಣಗುತ್ತ ಲೋಟ ಅವಳಿಗೆ ಕೊಟ್ಟು ಎತ್ತಿದರು. ಬಲಗೈ ತಲೆಯ ಮೇಲೆ ಹೋಯಿತು. ಕಣ್ಣಿಗೆ ಕಾಣದ ಮೂಲೆಯ ನಟ್ಟನ್ನೂ ತಡವಿ ಬಿಚ್ಚುತ್ತಿದ್ದ ಆ ಎಡಗೈ ತೊಡೆಯ ಮೇಲಿಂದ ಅಲುಗಲಿಲ್ಲ.

"ಎತ್ತಿದ್ದೀನಲ್ಲ," ಎಂದರು ದೊಡ್ಡ ಮೇಸ್ತ್ರಿ.

ಅದೇ ಕಾರಿನಲ್ಲಿ ಆಸ್ಪತ್ರೆಗೆ ಕರೆದೊಯ್ದ. ಒಂದೊಂದು ತಿರುವಿನಲ್ಲೂ ಸ್ಟೇರಿಂಗು ಹೇಳಿದಂತೆ ಕೇಳುತ್ತಿತ್ತು. ಮಿದುಳಿನ ರಕ್ತನಾಳ ಕಟ್ಟಿಕೊಂಡಿದೆ ಎಂದ ಡಾಕ್ಟರು, ಸಂಜೆ ಹೊರಗೆ ಬಂದು, "ಜೀವಕ್ಕೆ ಭಯ ಇಲ್ಲ. ಕೈ ಮಾತ್ರ ಕಷ್ಟ. ಬೇಗ ತಂದಿದ್ರೆ ಉಳೀತಿತ್ತೇನೋ. ಅಷ್ಟೊತ್ತು ಏನು ಮಾಡ್ತಿದ್ರಿ?" ಎಂದರು.

"ಬೆಲ್ಟು ಬದಲಾಯಿಸ್ತಿದ್ದೆ ಡಾಕ್ಟ್ರೇ," ಎಂದವನು ಗೋಡೆಗೆ ಮುಖ ಮಾಡಿ ಅತ್ತುಬಿಟ್ಟ.

ಈಗ ದೊಡ್ಡ ಮೇಸ್ತ್ರಿ ಗ್ಯಾರೇಜಿನ ಮೂಲೆಯ ಕುರ್ಚಿಯಲ್ಲಿ ಕೂರುತ್ತಾರೆ. ಶಿಷ್ಯ ಅವರ ಕಣ್ಣು ತಪ್ಪಿಸಿಕೊಂಡೇ ಕೆಲಸ ಮಾಡುತ್ತಾನೆ. ಮೊನ್ನೆ ಟ್ಯಾಕ್ಸಿಯವನೊಬ್ಬ ಬಂದು ಸ್ಟೇರಿಂಗ್ ಭಾರ ಎಂದ. ಚಿಕ್ಕ ಮೇಸ್ತ್ರಿ ಅಭ್ಯಾಸಬಲದಿಂದ ಬಾನೆಟ್ಟಿಗೆ ಕೈ ಹಾಕಿದ. ಹಿಂದಿನಿಂದ ಊರುಗೋಲು ನೆಲಕ್ಕೆ ಬಡಿಯಿತು.

"ಕ್ರಮ... ನಾನೇ ತಪ್ಪು ಕಲಿಸಿದ್ದು ಕಣೋ," ಎಂದರು ಗುರು, ಒಂದೊಂದೇ ಮಾತು ಕೂಡಿಸಿಕೊಂಡು. "ಮೊದಲು... ಓಡಿಸೋನು."

ಚಿಕ್ಕ ಮೇಸ್ತ್ರಿ ಬಾನೆಟ್ ಬಿಟ್ಟು ತಿರುಗಿದ. "ಅಣ್ಣ, ಬೇಜಾರು ಮಾಡ್ಕೋಬೇಡಿ. ಎರಡೂ ಕೈ ಒಂದ್ಸಲ ಮೇಲೆತ್ತಿ."

ಟ್ಯಾಕ್ಸಿಯವನು ನಗುತ್ತಲೇ ಎರಡೂ ಕೈ ಎತ್ತಿದ. ಹೇಗೆಂದು ತೋರಿಸಿಕೊಡಲು ಮೂಲೆಯಲ್ಲಿ ಗುರುವೂ ಕೈ ಎತ್ತಿದ್ದರು. ಒಂದೇ.