ನಿಂತವರಿಗೆ ಜೇನು

"ಓಡ್ಬ್ಯಾಡ ಮಾರಾಯಾ, ಅಲ್ಲಾಡ್ದೆ ನಿಂತ್ಕೋ!"

ಬೆನ್ನ ಹಿಂದೆ ಗುತ್ಯಮ್ಮ ಕೂಗಿದ ರಭಸಕ್ಕೆ ಹೊಸನಗರ ಬಸ್ಸಿನ ಡ್ರೈವರ್ ಮಂಜಯ್ಯ ಬಸ್‌ಸ್ಟ್ಯಾಂಡ್ ಅಂಗಡಿಯ ವಿಡಿಯೋ ಗೇಮ್ ಪೆಟ್ಟಿಗೆಯ ಹ್ಯಾಂಡಲ್ ಬಿಟ್ಟೇಬಿಟ್ಟ. ಪರದೆಯೊಳಗೆ ಚಕ್ರದ ಹಲಗೆಯ ಮೇಲೆ ಜಾರುತ್ತಿದ್ದ ಹುಡುಗ ಗಕ್ಕನೆ ನಿಂತ. ಅವನ ಹಿಂದೆ ಜೇನಿನ ಹಿಂಡು ಬಿದ್ದಿತ್ತು. ಅದು ಹತ್ತಿರವಾದಷ್ಟೂ ಪೆಟ್ಟಿಗೆಯ ಸಂಗೀತ ಯಕ್ಷಗಾನದ ಯುದ್ಧದ ಚೆಂಡೆಯ ಹಾಗೆ ಬಿರುಸಾಗಿ, ಕೊನೆಗೆ 'ಟುಂಯ್' ಎಂದು ಸತ್ತಿತು. ಹುಡುಗನೂ ಬಿದ್ದ. ಮೂರು ವಾರದಿಂದ ಮಂಜಯ್ಯ ಹಟ ಹಿಡಿದಿದ್ದ ರೆಕಾರ್ಡಿಗೆ ಇನ್ನೊಂದೇ ಜಿಗಿತ ಬಾಕಿಯಿತ್ತು.

"ಎಂಥಾ ಕೆಲ್ಸ ಮಾಡಿದ್ಯಮ್ಮಾ!" ಅವನು ಅಳುವುದೊಂದು ಬಾಕಿ.

"ಹೆಜ್ಜೇನು ಕೀಳೋ ಮನೆಯೋಳು ನಾನು," ಡ್ರೈವರನ್ನು ಕರೆಯಲೆಂದೇ ಬಸ್ಸಿಳಿದು ಬಂದಿದ್ದ ಗುತ್ಯಮ್ಮ ಜೇನುತುಪ್ಪದ ಡಬ್ಬವನ್ನು ಕಂಕುಳಿಗೇರಿಸಿದಳು. "ಜೇನೆದ್ದಾಗ ಓಡಬಾರ್ದು."

"ಇದು ಮಿಷನ್ ಜೇನು ಕಣಮ್ಮಾ! ಓಡೋರನ್ನ ಏನೂ ಮಾಡಲ್ಲ. ನಿಂತಲ್ಲೇ ನಿಂತೋರಿಗೇ ಕಚ್ಚೋದು!"

ಗುತ್ಯಮ್ಮ ಹೊರಗೆ ನೋಡಿದಳು. ಸಾಗರದ ಬಸ್‌ಸ್ಟ್ಯಾಂಡಿನಲ್ಲಿ ಹತ್ತೂವರೆಯ ಬಸ್ಸು ಹನ್ನೊಂದಾದರೂ ನಿಂತೇ ಇತ್ತು. ಕಿಟಕಿ ಕಿಟಕಿಯಲ್ಲೂ ಕೆಂಪಾದ ಮುಖಗಳು ಗುಂಯ್‌ಗುಡುತ್ತಿದ್ದವು.

"ಹಂಗಾದ್ರೆ ಬೇಗ ಓಡಪ್ಪಾ," ಎಂದಳು, "ಅಲ್ಲಿ ಐವತ್ತು ಎದ್ದಾವೆ."