ಬಾಗಿಲ ಮುಂದಿನ ರಂಗೋಲಿ

ಗುರುತು ಹೇಳಿಕೊಟ್ಟವಳು ನಾನೇ. "ಅವನು ಕೈ ಮಾಡಿದ ಮರುದಿನ ಬಾಗಿಲಿಗೆ ರಂಗೋಲಿ ಹಾಕಬೇಡ. ಬೆಳಿಗ್ಗೆ ಆರೂವರೆಗೆ ನಿಮ್ಮ ಬೀದೀಲೇ ಹಾದು ಹೋಗ್ತೀವಿ. ನೋಡಿದ ತಕ್ಷಣ ಬಂದು ಬಾಗಿಲು ಬಡೀತೀವಿ," ಅಂದಿದ್ದೆ. ಇಂದ್ರಾಣಿ ಸೆರಗಿನಿಂದ ತುಟಿಯ ರಕ್ತ ಒರೆಸಿಕೊಂಡು ತಲೆಯಾಡಿಸಿದ್ದಳು.

ನಮ್ಮ ಮಹಿಳಾ ಸಂಘ ಇಂಥ ಹನ್ನೊಂದು ಮನೆಗಳನ್ನು ಹೀಗೆಯೇ ಕಾಯುತ್ತಿತ್ತು. ಮೊದಲ ವಾರ ಎರಡು ಸಲ ಅವಳ ಬಾಗಿಲು ಬರಿದಾಗಿತ್ತು. ಎರಡೂ ಸಲ ಹೋಗಿ ಗಂಡನಿಗೆ ಛೀಮಾರಿ ಹಾಕಿ ಬಂದೆವು. ಆಮೇಲೆ ಇಪ್ಪತ್ತು ದಿನ ರಂಗೋಲಿ ತಪ್ಪಲೇ ಇಲ್ಲ.

"ಗಂಡ ದಾರಿಗೆ ಬಂದ ನೋಡ್ರೀ," ಎಂದು ಜೊತೆಗಿದ್ದ ಪುಟ್ಟಗೌರಮ್ಮ ಹಿಗ್ಗಿದರು.

"ದಿನಾ ಅದೇ ನಾಲ್ಕು ಗೆರೆ ಯಾಕೆ? ಅವಳು ಹೂಬಳ್ಳಿ ಬಿಡಿಸೋಳು," ಅಂದೆ.

"ರಂಗೋಲಿ ಇದೆಯಲ್ಲ, ಸಾಕು ಬಿಡಿ. ಸುಮ್ನೆ ಬಾಗಿಲು ಬಡಿದರೆ ಅವಳಿಗೇ ಕಷ್ಟ."

ನಿಜವೆನ್ನಿಸಿತು. ಆದರೂ ಅವಳ ಮುಖ ನೋಡದೆ ನನಗೆ ಊಟ ಸೇರಲಿಲ್ಲ. ಮರುದಿನ ಒಬ್ಬಳೇ ಅರ್ಧ ಗಂಟೆ ಮುಂಚೆ ಹೊರಟೆ. ರಂಗೋಲಿ ಹಾಕುವಾಗಲೇ ಮಾತಾಡಿಸಿದರೆ ಒಳಗಿರುವ ಗಂಡನಿಗೆ ಗೊತ್ತಾಗುವುದಿಲ್ಲ.

ಅಂಗಳಕ್ಕೆ ಆಗಲೇ ನೀರು ಹಾಕಿಯಾಗಿತ್ತು. ಮಬ್ಬು ಬೆಳಕಿನಲ್ಲಿ ಯಾರೋ ಹೊಸ್ತಿಲ ಮುಂದೆ ಬಗ್ಗಿ ಗೆರೆ ಎಳೆಯುತ್ತಿದ್ದರು. "ಇಂದ್ರಾಣಿ," ಎಂದು ಮೆಲ್ಲಗೆ ಕರೆದೆ.

ರಂಗೋಲಿ ಬಟ್ಟಲು ಕೆಳಗಿಟ್ಟು ಅವಳ ಗಂಡ ತಲೆಯೆತ್ತಿದ. "ದಿನಾ ಆರೂವರೆಗೆ ಬರೋರು, ಇವತ್ತು ಬೇಗ ಬಂದ್ರಲ್ಲ ಅಕ್ಕ."